ಒಂದೇ ಕೂಗಿಗೆ ಓಗೊಡದ ಶಾಲೆ

ಈಚೆಗೆ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದು, 'ಮೇಡಂ, ಶಿಕ್ಷಣ ನೀತಿಯ ಮೇಲೆ ಕೆಲಸ ಮಾಡೋ ಇಷ್ಟು ದೊಡ್ಡ ಬಳಗಾನ ನೀವೆಲ್ಲ ಹೇಗೆ ಕಟ್ಟಿದ್ರಿ?' ಎಂದು ಕೇಳಿದಳು. ನನಗೆ ನಗು ಬಂತು. ಕಟ್ಟಲಿಲ್ಲ ಕಣಮ್ಮಾ, ಜಗಳ ಆಡಿದೆವು, ಜಗಳ ಆಡಿದವರೇ ಮುಂದಿನ ವಾರ ಮತ್ತೆ ಅದೇ ಕೋಣೆಗೆ ಬಂದು ಕೂತರು, ಅದಕ್ಕೆ ಆಮೇಲೆ ಯಾರೋ ಬಳಗ ಅಂತ ಹೆಸರಿಟ್ಟರು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ, ಕಾಫಿ ಕುಡಿದು ಹೋದಳು. ಆ ಜಗಳ ಯಾವುದಕ್ಕೆ ಹತ್ತಿಕೊಂಡಿತು ಎನ್ನುವುದನ್ನು ಅವಳಿಗೂ ಅವಳ ಜೊತೆಯವರಿಗೂ ಬರೆದಿಡುತ್ತಿದ್ದೇನೆ. ಅದು ಹತ್ತಿಕೊಂಡದ್ದು ಲೊಕ್ಕನಹಳ್ಳಿಯಿಂದಾಚೆ, ಕಾಡಿನಂಚಿನ ಒಂದು ಶಾಲೆಯ ಕಾರಣಕ್ಕೆ. ನಾವು ಬರೆಯುವ ವರದಿಯಿಂದ ಆ ಶಾಲೆ ಮುಚ್ಚಿಹೋಗುವುದಿತ್ತು. ಮುಚ್ಚಿದ್ದರೆ ಒಬ್ಬ ತಾಯಿ ತನ್ನ ಮಗನನ್ನು ಎರಡನೇ ಸಲ ಕಳೆದುಕೊಳ್ಳುತ್ತಿದ್ದಳು. ಊರಿನ ಹೆಸರು ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅಲ್ಲಿಯವರು ಬಹಳ ಎಚ್ಚರದವರು, ಯಾಕೆಂದು ಮುಂದೆ ತಿಳಿಯುತ್ತದೆ.

ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸಿನ ಕಡೆಯಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿತು. ಕಾಡು, ಬೆಟ್ಟ, ಜನರ ಜೊತೆಗೆ ಶಾಲೆಗಳೂ ಬಂದವು. ಪಠ್ಯಪುಸ್ತಕ ಬೇರೆ, ಮೇಷ್ಟರಿಗೆ ಆದ ತರಬೇತಿ ಬೇರೆ, ಕೆಲವು ಕಡೆ ಪಾಠ ತಮಿಳಿನಲ್ಲಿ, ಮಕ್ಕಳ ಜಗಳ ಕನ್ನಡದಲ್ಲಿ. ಪಕ್ಕದ ಯಳಂದೂರು ಮೊದಲಿನಿಂದಲೂ ಮೈಸೂರಿನದೇ. ಎರಡರ ನಡುವೆ ಬಸ್ಸಿನಲ್ಲಿ ಒಂದು ಸಲ ಎಲೆಯಡಿಕೆ ಅಗಿಯುವಷ್ಟು ದಾರಿ, ಶಾಲೆಯ ರೀತಿ ಮಾತ್ರ ಎರಡು ದೇಶದ್ದು. ಒಬ್ಬರೇ ಮೇಷ್ಟರಿರುವ ಶಾಲೆಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಪಕ್ಕದ ಊರಿನದಕ್ಕೆ ಸೇರಿಸಿ ಮುಚ್ಚಬೇಕು ಎಂದು ಸರ್ಕಾರಕ್ಕೆ ಯಾರಾದರೂ ಹೇಳಬೇಕಾಗಿತ್ತು. ಅರವತ್ತರ ದಶಕದ ಮೊದಲಲ್ಲಿ ಆ ಕೆಲಸ ವಿಶ್ವವಿದ್ಯಾನಿಲಯಕ್ಕೆ ಬಂತು. ವಿಶ್ವವಿದ್ಯಾನಿಲಯ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಅದರಲ್ಲಿ ನಮ್ಮ ಪ್ರೊಫೆಸರು, ಲೆಕ್ಕದ ಸೀತಾರಾಮು, ಮತ್ತು ಆಗತಾನೇ ಓದು ಮುಗಿಸಿದ್ದ ನಾನು. ಶನಿವಾರ ಮಧ್ಯಾಹ್ನ ಸಮಾಜಶಾಸ್ತ್ರದವರು, ಅರ್ಥಶಾಸ್ತ್ರದವರು ಒಂದಿಬ್ಬರು ಬಂದು ಬಾಗಿಲಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದರು. ಅವರು ಬರುತ್ತಿದ್ದದ್ದು ವಾದಕ್ಕೋ, ಪ್ರೊಫೆಸರ ಮನೆಯಿಂದ ಬರುತ್ತಿದ್ದ ಕೋಡುಬಳೆಗೋ ಎಂದು ಈಗಲೂ ಹೇಳಲಾರೆ.

ಪ್ರೊಫೆಸರು ಒಳ್ಳೆಯವರು, ಆದರೆ ಹಟಮಾರಿ. ಪರದೇಶದಲ್ಲಿ ಕಲಿತು ಬಂದ ಒಂದು ಸೂತ್ರ ಅವರಿಗೆ ಸಂಧ್ಯಾವಂದನೆಗಿಂತ ಹೆಚ್ಚು. ಎಲ್ಲ ಮಕ್ಕಳಿಗೂ ಒಂದೇ ಪರೀಕ್ಷೆ, ಒಂದೇ ದನಿ, ಒಂದೇ ಸಲ. ಮಗುವಿನ ಹೆಸರನ್ನು ಒಂದು ಸಲ ಕೂಗಬೇಕು. ಎದ್ದು ನಿಂತ ಮಗುವಿಗೆ ಪ್ರಶ್ನೆಯನ್ನು ಒಂದು ಸಲ ಓದಬೇಕು. ಉತ್ತರ ಬರದಿದ್ದರೆ ಸೊನ್ನೆ ಹಾಕಿ ಮುಂದಕ್ಕೆ ಹೋಗಬೇಕು. 'ಎರಡನೇ ಸಲ ಕೇಳಿದರೆ ಅದು ಪರೀಕ್ಷೆಯಲ್ಲ, ಉಪಚಾರ' ಎನ್ನುತ್ತಿದ್ದರು. ಸೂತ್ರದಲ್ಲಿ ಮೂರ್ಖತನವೇನೂ ಇರಲಿಲ್ಲ. ಒಂದು ಊರಿನ ಮಗುವಿಗೆ ನಾಲ್ಕು ಸಲ ಕೇಳಿ ಇನ್ನೊಂದು ಊರಿನದಕ್ಕೆ ಒಂದೇ ಸಲ ಕೇಳಿದರೆ ಇಬ್ಬರನ್ನೂ ಹೋಲಿಸುವುದು ಹೇಗೆ?

ಮೊದಲು ಹೋದದ್ದು ಯಳಂದೂರಿನ ಸುತ್ತಮುತ್ತ. ಬೆಳಿಗ್ಗೆ ಒಂದು ಊರಿನ ಶಾಲೆಯ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಕೂತಿದ್ದ, ಹುಬ್ಬಿನ ಮೇಲೆ ಸುಟ್ಟ ಗಾಯದ ಕಲೆ. ಊಟದ ಹೊತ್ತಿಗೆ ಎರಡನೇ ಊರು. ಅಲ್ಲಿಯೂ ಮುಂದಿನ ಸಾಲಿನಲ್ಲಿ ಅದೇ ಹುಡುಗ, ಅದೇ ಕಲೆ, ನಮ್ಮನ್ನು ಎಂದೂ ಕಂಡೇ ಇಲ್ಲದ ಮುಖ. ಬೇರೆ ಹೆಸರು ಹೇಳಿದ. ಸೀತಾರಾಮು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಸಂಜೆ ಮೂರನೇ ಊರಿನ ಶಾಲೆಯ ಹೊಸ್ತಿಲು ದಾಟುವಾಗ ಮೊದಲು ಮುಂದಿನ ಸಾಲನ್ನೇ ನೋಡಿದೆ. ಇದ್ದ. ಅಲ್ಲಿಯೂ ಇದ್ದ. ನನ್ನನ್ನು ನೋಡಿ, 'ಅಕ್ಕೋರೆ, ಇನ್ನೆಷ್ಟ್ ಇಸ್ಕೂಲ್ಗೆ ಓಗ್ಬೇಕು? ಒಟ್ಟೆ ಅಸೀತಾ ಅದೆ' ಎಂದ. ನಮ್ಮನ್ನು ಇನ್ಸ್‌ಪೆಕ್ಟರು ಎಂದು ತಿಳಿದ ಮೇಷ್ಟರು, ತಲೆ ಕಡಿಮೆಯಾದರೆ ಶಾಲೆ ಹೋದೀತು ಎಂಬ ಹೆದರಿಕೆಯಲ್ಲಿ, ನಮಗಿಂತ ಮುಂಚೆ ಮಕ್ಕಳನ್ನು ಗಾಡಿಯಲ್ಲಿ ಸಾಗಿಸುತ್ತಿದ್ದರು. ಅಯ್ಯೋ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಸುದ್ದಿ ಕೇಳಿದ ಪ್ರೊಫೆಸರು ನಗಲಿಲ್ಲ. ಹೆಸರಿದ್ದು ಮಗು ಇಲ್ಲದ ಶಾಲೆಗೆ ಇನ್ನು ಮೇಲೆ ಕ್ಷಮೆಯಿಲ್ಲ ಎಂದರು.

ಅದಾದ ಮೇಲೆ ಹನೂರಿನ ಕಡೆ. ಸೀತಾರಾಮುವೂ ನಾನೂ ಲೊಕ್ಕನಹಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಾಳಯ್ಯ ಎಂಬುವವನ ಎತ್ತಿನ ಗಾಡಿ ಹತ್ತಿದೆವು. ದಾರಿಯ ಎರಡೂ ಕಡೆ ರಾಗಿ ಹೊಲ, ಹೊಲ ಮುಗಿದಲ್ಲಿ ಕಾಡು. ಊರು ಮುಟ್ಟಿದಾಗ ನೆತ್ತಿ ಸುಡುವ ಮಧ್ಯಾಹ್ನ. ಶಾಲೆ ಒಂದೇ ಕೋಣೆಯದು, ಬಾಗಿಲು ಕಾಡಿನ ಕಡೆಗೆ. ಅಲ್ಲಿಯ ಮೇಷ್ಟರು ಮಾದಯ್ಯ ಹೊಸ ಪಠ್ಯಪುಸ್ತಕದ ತರಬೇತಿಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದರು. ಊರಿನ ಹಿರಿಯರೊಬ್ಬರು ಮಕ್ಕಳನ್ನು ಕೂರಿಸಿ ಹೊರಟುಹೋದರು. ನನ್ನ ಕೆಲಸದ ಉದ್ದಕ್ಕೂ ಎಷ್ಟೋ ಶಾಲೆ ನೋಡಿದ್ದೇನೆ. ಅಷ್ಟು ಸದ್ದಿಲ್ಲದ್ದನ್ನು ಮತ್ತೆ ನೋಡಲಿಲ್ಲ.

ಸೀತಾರಾಮು ಹಾಜರಿ ಹಿಡಿದು ಮೊದಲ ಹೆಸರು ಕೂಗಿದರು. 'ಕೆಂಪಮ್ಮ.'

ಯಾರೂ ಏಳಲಿಲ್ಲ. ಮುಂದೆ ಕೂತಿದ್ದ ಒಬ್ಬ ಹುಡುಗಿ ಎಂಜಲು ನುಂಗಿ ತುಟಿ ಬಿಗಿದುಕೊಂಡಳು. ಅವಳೇ ಕೆಂಪಮ್ಮ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೆ ಸೂತ್ರ ಸೂತ್ರವೇ. ಸೀತಾರಾಮು ಸೊನ್ನೆ ಹಾಕಿ ಮುಂದಿನದು ಕೂಗಿದರು. 'ಮಹದೇವ.' ಇಲ್ಲ. 'ನಂಜುಂಡ.' ಇಲ್ಲ. ಮಕ್ಕಳು ಹೆದರಿದ್ದರೇ ಎಂದರೆ ಅದೂ ಅಲ್ಲ. ನೆಟ್ಟಗೆ ಕೂತು ನಮ್ಮ ಬಾಯನ್ನೇ ನೋಡುತ್ತಿದ್ದರು, ಏನನ್ನೋ ಕಾಯುತ್ತಿದ್ದ ಹಾಗೆ. ಒಬ್ಬ ಪುಟ್ಟ ಹುಡುಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ.

'ಸಿದ್ದರಾಜು' ಎಂದರು ಸೀತಾರಾಮು.

ಅಲ್ಲಿದ್ದ ಅಷ್ಟೂ ತಲೆಗಳು ಒಟ್ಟಿಗೆ ಬಾಗಿಲ ಕಡೆಗೆ ತಿರುಗಿದವು. ನಾನೂ ತಿರುಗಿದೆ. ಹೊರಗೆ ಬಿಸಿಲು, ಒಂದು ಬೋಳು ಮೈದಾನ, ಅದರಾಚೆ ಕಾಡು. ಯಾರೂ ಇಲ್ಲ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಲೇ ಇದ್ದರು. ಎಲ್ಲ ಹೆಸರೂ ಮುಗಿಯಿತು, ಎಲ್ಲರಿಗೂ ಸೊನ್ನೆ.

ಹೊರಗೆ ಹುಣಸೆ ಮರದ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ನಾವು ಗಾಡಿ ಹತ್ತುವಾಗ ಹತ್ತಿರ ಬಂದು ಸೀತಾರಾಮುವಿಗೆ ಕೈ ಮುಗಿದಳು. 'ಒಂದೇ ಸರ್ತಿ ಕೂಗ್ಬುಟ್ರಲ್ಲ ಸಾ. ಇನ್ನೆರಡ್ ಸರ್ತಿ ಕೂಗ್ಬುಟ್ ಓಗಿ, ನಿಮ್ ಕಾಲ್ ಕಟ್ಕತೀನಿ.'

'ಯಾರನ್ನಮ್ಮ?'

'ಸಿದ್ದರಾಜುನ.'

'ನಮ್ಮ ನಿಯಮದಲ್ಲಿ ಒಂದೇ ಸಲ ಅಮ್ಮ' ಎಂದರು ಸೀತಾರಾಮು. ಅವಳು ಮತ್ತೆ ಬೇಡಲಿಲ್ಲ. ಗಾಡಿ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದಳು.

ಹೊತ್ತು ಇಳಿಯುತ್ತಿತ್ತು. ದಾರಿ ಕಾಡಿಗೆ ಒತ್ತಿಕೊಂಡು ಹೋಗುವ ಕಡೆ, ಸುಮ್ಮನೆ ಕೂತಿದ್ದ ಸೀತಾರಾಮು ಇದ್ದಕ್ಕಿದ್ದಂತೆ ತಲೆಯೆತ್ತಿ 'ಓ' ಎಂದರು. ಕಾಳಯ್ಯ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ.

'ಯಾರ್‌ಗ್ ಸಾ ಓಗೊಟ್ರಿ?'

'ಯಾರೋ ಸೀತಾರಾಮು ಅಂತ ಕರೆದರಲ್ಲ, ಆ ಪೊದೆ ಕಡೆಯಿಂದ.'

ನನಗೇನೂ ಕೇಳಿಸಿರಲಿಲ್ಲ. ಕಾಳಯ್ಯನಿಗೂ ಕೇಳಿಸಿರಲಿಲ್ಲ. ಆ ಊರಿನಲ್ಲಿ ಸೀತಾರಾಮುವಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವರನ್ನು ನಾನು ಕರೆಯುತ್ತಿದ್ದದ್ದು 'ರೀ' ಎಂದು, ಬೇರೆಯವರು 'ಸಾ' ಎಂದು.

'ಎಷ್ಟ್ ಸರ್ತಿ ಕೂಗ್ತು?'

'ಒಂದು ಸಲ.'

ಕಾಳಯ್ಯ ಕೆಳಗಿಳಿದ. ಸೀತಾರಾಮುವನ್ನೂ ಇಳಿಸಿ, ಅವರ ಪಾದದಡಿಯ ಮಣ್ಣು ಚಿಟಿಕೆ ತೆಗೆದು ತಲೆಯ ಸುತ್ತ ಇಳಿ ತೆಗೆದು ಕಾಡಿನ ಕಡೆ ಎಸೆದ. 'ಒಂದೇ ಕೂಗ್ಗೆ ಓಗೊಡ್ಬಾರ್ದು ಸಾ. ಮನ್ಸ್ರಾದ್ರೆ ಮೂರ್ ಸರ್ತಿ ಕೂಗ್ತರೆ. ಅದು ಒಂದೇ ಸರ್ತಿ ಕೂಗೋದು. ನಮ್ ಮಕ್ಳಿಗೆ ಆಲ್ ಕುಡ್ಯೋವಾಗ್ಲೆ ಇದ ಯೋಳ್ಕೊಟ್ಟಿರ್ತೀವಿ.'

'ಅದು ಅಂದರೆ ಯಾವುದಪ್ಪಾ?' ಎಂದೆ ನಾನು.

'ಅದು ಅಂದ್ರೆ ಅದೇ ಕಣವ್ವ' ಎಂದ. ಮತ್ತೆ ಗಾಡಿ ಹತ್ತಿದ ಮೇಲೆ, ಕಾಡಿನ ಕಡೆ ನೋಡದೆ, ಉಳಿದದ್ದನ್ನು ಹೇಳಿದ.

ಹುಣಸೆ ಮರದ ಕೆಳಗಿದ್ದವಳು ಪುಟ್ಟಮಾದಮ್ಮ, ಗಂಡ ಸತ್ತವಳು. ಸಿದ್ದರಾಜು ಅವಳ ಒಬ್ಬನೇ ಮಗ, ಒಂದನೇ ಕ್ಲಾಸು. ಶಾಲೆಯಲ್ಲಿ ಆಟಕ್ಕೆ ಬಿಟ್ಟಿದ್ದಾಗ ಹುಡುಗ ಮೈದಾನದಲ್ಲಿ ನಿಂತವನು 'ಓ' ಎಂದನಂತೆ. ಮುಖದ ತುಂಬ ನಗು. 'ಯಾರ್ಲಾ ಕರುದ್ರು?' ಎಂದು ಜೊತೆಯವರು ಕೇಳುತ್ತಿದ್ದ ಹಾಗೆಯೇ ನಡೆದು ಕಾಡೊಳಗೆ ಹೋದ. ಎಷ್ಟು ಹುಡುಕಿದರೂ ಒಂದು ಬಟ್ಟೆಯ ಚೂರು ಸಿಗಲಿಲ್ಲ. ಊರಿನವರು ಕಾದು ಕಾದು ತಿಥಿ ಮಾಡಿಬಿಟ್ಟರು. ಅಲ್ಲಿಗೆ ಅವನು ಸತ್ತವನು. ಸತ್ತವರ ಹೆಸರನ್ನು ಊರೊಳಗೆ ಕೂಗುವ ಹಾಗಿಲ್ಲ. ಅವನ ತಾಯಿಯೂ ತನ್ನ ಮನೆಯ ಬಾಗಿಲಲ್ಲಿ ನಿಂತು ಕೂಗುವ ಹಾಗಿಲ್ಲ.

'ಇಸ್ಕೂಲ್ ಜಾಗ ಸರ್ಕಾರದ್ದಲ್ವಾ ಅವ್ವ, ಊರ್ನ ಕಟ್ಲೆ ಅಲ್ಲಿ ನಡ್ಯಾಕಿಲ್ಲ. ಅದ್ಕೇ ಮಾದಯ್ಯ ಮೇಷ್ಟ್ರು ದಿನಾ ಎಲ್ಲಾ ಮಕ್ಳ ಜೊತೇಲಿ ಅವನ್ ಹೆಸ್ರನೂವೆ ಮೂರ್ ಸರ್ತಿ ಕೂಗ್ತರೆ. ಮನ್ಸ್ರ ಕೂಗು ಅಂತ ಗೊತ್ತಾದ್ರೆ ಬತ್ತನೆ ಅಂತ ಅವಳ್ ನಂಬ್ಕೆ. ಅವ್ಳು ಬಂದು ಮರದ್ ಕೆಳಗ್ ನಿಂತ್ಕತಳೆ. ಆ ಇಸ್ಕೂಲೊಂದಿಲ್ದೆ ಓದ್ರೆ ಅವ್ಳು ಒಂದಿನ ಬದ್ಕಕಿಲ್ಲ.'

ಸೀತಾರಾಮುವಿಗೆ ಕೊಳ್ಳೇಗಾಲ ಮುಟ್ಟುವ ಮೊದಲೇ ಚಳಿಜ್ವರ ಹಿಡಿಯಿತು. ಡಾಕ್ಟರು ಮಲೇರಿಯಾ ಎಂದರು. ಇರಬಹುದು. ಜ್ವರದಲ್ಲಿ ಅವರು ಆಗಾಗ 'ಓ, ಓ' ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು, ನನಗೂ ಮಾಡುವುದೇನು ತಿಳಿಯದೆ, ಅವರ ಹೆಸರನ್ನು ಮೂರು ಮೂರು ಸಲ ಕೂಗುತ್ತಿದ್ದೆ. ವಿಜ್ಞಾನ ಓದಿದವಳು ನಾನು. ನಗುವವರು ನಗಲಿ.

ವಾಪಸು ಬಂದು ಪ್ರೊಫೆಸರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು. ಅವರ ಲೆಕ್ಕದಲ್ಲಿ ಆ ಶಾಲೆಯದು ಎರಡು ಅಪರಾಧ. ಎಲ್ಲ ಮಕ್ಕಳದೂ ಸೊನ್ನೆ, ಮೇಲೆ ಮಗು ಇಲ್ಲದ ಒಂದು ಹೆಸರು. 'ಮುಚ್ಚಬಹುದು ಅಂತ ಬರಿ' ಎಂದರು.

'ಸಾರ್, ಇನ್ನೊಂದು ಸಲ ಹೋಗಿ ಮೂರು ಸಲ ಕೂಗಿ ನೋಡಬೇಕು.'

'ಪದ್ಮಾವತಿ, ದೆವ್ವಕ್ಕೆ ಹೆದರಿ ಪರೀಕ್ಷೆಯ ವಿಧಾನ ಬದಲಾಯಿಸಿದ ಮೊದಲ ವಿಭಾಗ ನಮ್ಮದಾಗೋದು ಬೇಡ.'

ನನಗೆ ಮೈ ಉರಿದುಹೋಯಿತು. 'ಸಾರ್, ನಾವು ಅಲ್ಲಿ ಪರೀಕ್ಷೆ ಮಾಡಿದ್ದು ಮಕ್ಕಳನ್ನಲ್ಲ, ನಮ್ಮ ಕೂಗನ್ನು. ಫೇಲಾದದ್ದು ಅದು' ಎಂದೆ. ಅವತ್ತು ಶನಿವಾರ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದವರೆಲ್ಲ ಒಳಕ್ಕೆ ಎಳೆದುಕೊಂಡರು. ಸಮಾಜಶಾಸ್ತ್ರದವರು ನನ್ನ ಕಡೆ, ಅರ್ಥಶಾಸ್ತ್ರದವರು ಪ್ರೊಫೆಸರ ಕಡೆ. ಒಂದು ಊರಿಗೆ ನಿಯಮ ಸಡಿಲಿಸಿದರೆ ನಾಳೆ ಪ್ರತಿ ಊರಿಗೂ ಒಂದೊಂದು ದೆವ್ವ ಹುಟ್ಟುತ್ತದೆ ಎಂದು ಅವರು, ಊರು ತಿಳಿಯದೆ ನಿಯಮ ಮಾಡಿದವರ ತಲೆಯಲ್ಲೇ ದೆವ್ವ ಇರುವುದು ಎಂದು ಇವರು. ಕೋಡುಬಳೆ ಮುಟ್ಟಿದವರಿಲ್ಲ. ಆಗ, ಜ್ವರದಿಂದ ಎದ್ದು ಕಡ್ಡಿಯಾಗಿದ್ದ ಸೀತಾರಾಮು ಗೋಡೆ ಹಿಡಿದು ನಿಂತರು.

'ಸಾರ್, ನಾನು ಓದಿದವನು. ಒಂದೇ ಕೂಗಿಗೆ ಓಗೊಟ್ಟೆ. ಆ ಮಕ್ಕಳು ಓಗೊಡಲಿಲ್ಲ. ಅವರಿಗೆ ಸೊನ್ನೆ ಹಾಕೋ ಯೋಗ್ಯತೆ ನನಗಿಲ್ಲ. ನನ್ನ ಹೆಸರು ಆ ವರದಿಯಿಂದ ತೆಗೆದುಬಿಡಿ.'

ಪ್ರೊಫೆಸರು ವರದಿಯ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, 'ನಾನೇ ಬರ್ತೀನಿ ನಡೀರಿ' ಎಂದರು.

ಈ ಸಲ ಮಾದಯ್ಯ ಮೇಷ್ಟರು ಊರಲ್ಲಿದ್ದರು. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಸಿದ್ದರಾಜುವಿನ ಹೆಸರು ಯಾಕೆ ಉಳಿಸಿಕೊಂಡಿದ್ದೀರಿ ಎಂದು ಪ್ರೊಫೆಸರು ಮೇಷ್ಟರನ್ನು ಕೇಳಿದರು. 'ತಪ್ಪೇ ಸಾರ್, ತೆಗ್ದಾಕು ಅಂದ್ರೆ ತೆಗ್ದಾಕ್ತೀನಿ. ಆದ್ರೆ ಅವ್ಳಿಗೆ ನೀವೇ ಯೋಳ್ಬುಡಿ, ನನ್ನ್ ಕೈಲಾಗಾಕಿಲ್ಲ' ಎಂದು ಹುಣಸೆ ಮರ ತೋರಿಸಿದರು. ಪುಟ್ಟಮಾದಮ್ಮ ಆಗಲೇ ಬಂದು ನಿಂತಿದ್ದಳು.

ಪ್ರೊಫೆಸರು ತಾವೇ ಹಾಜರಿ ತೆಗೆದುಕೊಂಡರು. 'ಕೆಂಪಮ್ಮ.' ಅದೇ ಮೌನ. 'ಕೆಂಪಮ್ಮ.' ಹುಡುಗಿ ತುದಿಗಾಲಿನ ಮೇಲೆ ಕೂತಳು. 'ಕೆಂಪಮ್ಮ.'

'ಬಂದಿವ್ನಿ ಸಾ!' ಹೆಂಚು ಹಾರುವಂತೆ ಕಿರುಚಿದಳು.

ಆಮೇಲೆ ಹೇಳುವುದೇನು! ಕಟ್ಟೆ ಒಡೆದ ನೀರು. ಗುಣಾಕಾರ, ಮಗ್ಗಿ, ಪದ್ಯ, ನದಿಯ ಹೆಸರು, ಯಾವುದು ಕೇಳಿದರೂ ಮೂರನೇ ಸಲಕ್ಕೆ ಉತ್ತರ ಸಿದ್ಧ. ನಾವು ಅದುವರೆಗೆ ನೋಡಿದ ಯಾವ ಶಾಲೆಗೂ ಆ ಮಕ್ಕಳು ಕಡಿಮೆಯಿರಲಿಲ್ಲ. ಮಾದಯ್ಯ ಮೇಷ್ಟರ ಕಣ್ಣಲ್ಲಿ ನೀರಾಡುತ್ತಿತ್ತು. ನನಗೂ ಅಳು ಬಂತು, ಬಚ್ಚಿಡುವುದೇಕೆ.

ಪ್ರೊಫೆಸರ ಬೆರಳು ಆ ಹೆಸರಿನ ಮೇಲೆ ಬಂದು ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ. 'ಸಿದ್ದರಾಜು' ಎಂದರು. ಮಕ್ಕಳ ತಲೆ ಬಾಗಿಲಿಗೆ ತಿರುಗಿತು. ಎರಡನೇ ಸಲ ಅವರ ದನಿ ತರಗತಿಯ ದನಿಯಾಗಿರಲಿಲ್ಲ. ಮೂರನೇ ಸಲಕ್ಕೆ ಕುರ್ಚಿಯಿಂದ ಎದ್ದು, ಬಾಗಿಲಿಗೆ ಹೋಗಿ, ಕಾಡಿನ ಕಡೆ ಮುಖ ಮಾಡಿ, ಊಟಕ್ಕೆ ಹೊತ್ತಾಯಿತು ಎಂದು ಆಡುವ ಮಗನನ್ನು ಕರೆಯುವ ಹಾಗೆ ಕೂಗಿದರು. 'ಸಿದ್ದರಾಜೂ!'

ಹಕ್ಕಿಗಳ ಸದ್ದು ನಿಂತಿತು. ಕಾಡಿನೊಳಗೆ ತರಗೆಲೆಯ ಮೇಲೆ ಪುಟ್ಟ ಹೆಜ್ಜೆಗಳು ಓಡಿ ಬರುವ ಸಪ್ಪಳ ಕೇಳಿಸಿತು. ನನಗೊಬ್ಬಳಿಗಲ್ಲ, ಎಲ್ಲರಿಗೂ. ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕಾಡಿನ ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯ ಹತ್ತಿರ ನಿಂತುಹೋಯಿತು. ಜಿಂಕೆಮರಿ ಇದ್ದೀತು. ಮೊಲ ಇದ್ದೀತು. ಏನೂ ಕಾಣಿಸಲಿಲ್ಲ. ಪ್ರೊಫೆಸರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದರು.

ಪುಟ್ಟಮಾದಮ್ಮ ಮರದ ಕೆಳಗಿಂದ ಅವರಿಗೆ ಸಮಾಧಾನ ಹೇಳಿದಳು. 'ಬತ್ತನೆ ಬುಡಿ ಸಾ. ನಿಮ್ ದನಿ ಒಸ್ದಲ್ವಾ, ನಾಚ್ಕತನೆ.'

ಹನೂರಿನ ಬಸ್ ನಿಲ್ದಾಣದಲ್ಲಿ ಟೀ ಲೋಟ ಕೈಗೆ ಬಂದ ಮೇಲೆ ಪ್ರೊಫೆಸರು, 'ಶಾಲೆ ಇರಲಿ ಅಂತ ಬರಿ' ಎಂದರು.

'ಆ ಹೆಸರಿಗೆ ಏನು ಬರೀಲಿ ಸಾರ್?'

'ಬಂದಿಲ್ಲ ಅಂತ ಬರಿ. ಇಲ್ಲ ಅಂತ ಬರೆಯೋಕೆ ನಮಗೇನು ಗೊತ್ತು?'

ನಮ್ಮ ಕೆಲಸದ ರೀತಿ ಬದಲಾದದ್ದು ಅಲ್ಲಿಂದ. ಒಂದು ಊರಿಗೆ ಹೋದರೆ ಮೊದಲು ಸುಮ್ಮನೆ ಕೂರಬೇಕು, ಅಲ್ಲಿ ಹೇಗೆ ಕರೆಯುತ್ತಾರೆ, ಹೇಗೆ ಓಗೊಡುತ್ತಾರೆ ಎಂದು ನೋಡಬೇಕು, ಆಮೇಲೆ ಪರೀಕ್ಷೆ. ಶನಿವಾರದ ಕುರ್ಚಿಗಳಿಗೆ ಹಳ್ಳಿಯ ಮೇಷ್ಟರುಗಳೂ ಬಂದು ಕೂರತೊಡಗಿದರು. ಮಾದಯ್ಯನವರು ಮೊದಲ ಸಲ ಬಂದಾಗ ಪ್ರೊಫೆಸರು ತಮ್ಮ ಕುರ್ಚಿಯನ್ನೇ ಕೊಟ್ಟರು. ಅರ್ಥಶಾಸ್ತ್ರದವರು ಕೊನೆಯವರೆಗೂ ಒಪ್ಪಲಿಲ್ಲ, ಕೊನೆಯವರೆಗೂ ಬರುತ್ತಲೇ ಇದ್ದರು. ಮೆಟ್ಟಿಲ ಕೆಳಗಿನ ಕೋಣೆ ಸಾಲದೆ ಮೇಲಿನ ಹಾಲ್ ಕೊಟ್ಟರು. ಕಟ್ಟಿದ್ದು ಎಂದರೆ ಇಷ್ಟೇ.

ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಅಜ್ಜೀಪುರದ ಕಡೆ ಒಂದು ಕೆಲಸ ಮುಗಿಸಿ, ಜೀಪಿನಲ್ಲಿ ಆ ಊರಿಗೆ ತಿರುಗಿಸಿಕೊಂಡು ಹೋದೆ. ಶಾಲೆಗೆ ಇನ್ನೊಂದು ಕೋಣೆ ಕೂಡಿತ್ತು. ಮಾದಯ್ಯನವರಿಗೆ ನಿವೃತ್ತಿಯಾಗಿತ್ತು. ಹೊಸ ಮೇಡಂ ಹೊರಗೆ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಾಗ ಗುರುತು ಹತ್ತಲಿಲ್ಲ. 'ನಾನ್ ಅಕ್ಕೋರೆ, ಕೆಂಪಮ್ಮ' ಎಂದಳು. ಪುಟ್ಟಮಾದಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ಅವಳ ಮನೆ ಮಳೆಗೆ ಕುಸಿದು, ಜಾಗದಲ್ಲಿ ಯಾರೋ ಹುರುಳಿ ಹಾಕಿದ್ದರು.

ಕೆಂಪಮ್ಮ ಹಾಜರಿ ಕೂಗಿದಳು, ಒಬ್ಬೊಬ್ಬರನ್ನೂ ಮೂರು ಸಲ. ಕೊನೆಗೆ ಸಿದ್ದರಾಜುವನ್ನೂ ಕೂಗಿದಳು. ಅವನು ಹೋದ ಎಷ್ಟೋ ವರ್ಷಕ್ಕೆ ಹುಟ್ಟಿದ ಮಕ್ಕಳು, ಅವನ ಮುಖ ಕಾಣದವರು, ಬಾಗಿಲ ಕಡೆ ತಿರುಗಿ ಕಾದರು. ಇದ್ದಿದ್ದರೆ ಅವನಿಗೆ ಮೀಸೆ ಬಂದಿರುತ್ತಿತ್ತು. ಹಾಜರಿಯಲ್ಲಿ ಮಾತ್ರ ಇನ್ನೂ ಒಂದನೇ ಕ್ಲಾಸು.

ಆಟಕ್ಕೆ ಬಿಟ್ಟ ಮೇಲೆ ಇಬ್ಬರೂ ಮೈದಾನದಲ್ಲಿ ನಿಂತಿದ್ದೆವು. 'ಅವನ ಅವ್ವನೇ ಹೋದಳಲ್ಲ ಕೆಂಪಮ್ಮ, ಇನ್ನು ಯಾರಿಗೋಸ್ಕರ ಕೂಗ್ತೀಯ?' ಎಂದೆ.

'ಅವ್ವ ಇದ್ದಾಗ ನಾವ್ ಕೂಗ್ದೆ ಇದ್ರೂ ನಡೀತಿತ್ತು ಅಕ್ಕೋರೆ. ಬಂದ್ರೆ ಮನೆಗ್ ಓಯ್ತಿದ್ದ. ಈಗ ಮನೆ ಬಿದ್ದೋಗದೆ. ಬಂದ್ರೆ ಇಲ್ಗೇ ತಾನೇ ಬರ್ಬೇಕು?'

'ಅವನೇ ಬಂದು ನಿನ್ನನ್ನ ಕೂಗಿದರೆ?'

ಅವಳು ಕಾಡಿನ ಕಡೆ ನೋಡಿದಳು. 'ಚಿಕ್ಕೋನಲ್ವಾ, ಮೂರ್ ಸರ್ತಿ ಕೂಗ್ಬೇಕು ಅನ್ನೋದ ಮರ್ತೋಗಿರ್ತನೆ' ಎಂದಳು. 'ಒಂದೇ ಸರ್ತಿ ಕೂಗುದ್ರೂ ನಾನ್ ಓಗೊಡ್ತೀನಿ.'